ಮುಂದಲೆಯ ಅಂಚಿನ ಲೆಕ್ಕಾಚಾರ: ಕಡಿಮೆ ಬೆಲೆಯ ಲೇಸ್ ಫ್ರಂಟ್ ವಿಗ್‌ಗಳ ಆಯ್ಕೆ ಮತ್ತು ಅಲಂಕಾರ

ಒಬ್ಬರು ಧರಿಸಿರುವುದು ವಿಗ್ ಎಂಬುದು ಸಾಮಾನ್ಯವಾಗಿ ಗೊತ್ತಾಗುವುದು ಕೂದಲಿನ ಬಣ್ಣದಿಂದಲೋ ಉದ್ದದಿಂದಲೋ ಅಲ್ಲ, ಹಣೆ ಮುಗಿದು ಕೂದಲು ತೊಡಗುವ ಮುಂದಲೆಯ ಅಂಚಿನಿಂದ. ಸಹಜವಾದ ತಲೆಯಲ್ಲಿ ಈ ಅಂಚು ಗೆರೆ ಎಳೆದ ಹಾಗೆ ನೇರವಾಗಿರುವುದಿಲ್ಲ. ಮೊದಲು ನವಿರಾದ ಗಿಡ್ಡ ಎಳೆಗಳು ವಿರಳವಾಗಿ ಕಾಣಿಸಿಕೊಂಡು, ಬೆರಳಗಲ ಹಿಂದೆ ಸರಿದಂತೆ ದಟ್ಟವಾಗುತ್ತ, ಕಣತಲೆಗಳ ಬಳಿ ಒಳಕ್ಕೆ ಬಾಗಿ, ಎಡಕ್ಕೂ ಬಲಕ್ಕೂ ತುಸು ಹೆಚ್ಚುಕಡಿಮೆಯಾಗಿಯೇ ಬೆಳೆದಿರುತ್ತವೆ. ಪೂರ್ತಿ ಯಂತ್ರದಲ್ಲಿ ಹೊಲಿದ ಅಗ್ಗದ ವಿಗ್‌ಗಳಲ್ಲಿ ಈ ಜಾಗದಲ್ಲಿ ಮಡಿಚಿ ಹೊಲಿದ ದಪ್ಪ ಬಟ್ಟೆಯ ಅಂಚು ಇರುವುದರಿಂದ ಅದನ್ನು ಮರೆಮಾಡಲು ಹಣೆಯ ಮೇಲೆ ಕೂದಲು ಇಳಿಬಿಡಲೇಬೇಕಾಗುತ್ತದೆ. ಕೂದಲನ್ನು ಹಿಂದಕ್ಕೆ ಬಾಚಿ ಬೈತಲೆ ತೆಗೆಯುವ ರೂಢಿಯುಳ್ಳವರಿಗೆ ಅಂಥ ವಿಗ್ ಒಗ್ಗುವುದಿಲ್ಲ. ಈ ತೊಡಕನ್ನು ಬಿಡಿಸುವುದು ಲೇಸ್ ಫ್ರಂಟ್ ವಿಗ್, ಅಂದರೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಮುಂದಲೆಯುದ್ದಕ್ಕೂ ತೆಳುವಾದ ಬಲೆಬಟ್ಟೆಯನ್ನು ಕೂಡಿಸಿ, ಅದರ ಕಣ್ಣುಗಳಿಗೆ ಒಂದೋ ಎರಡೋ ಎಳೆಗಳಂತೆ ಕೂದಲನ್ನು ಕೈಯಿಂದ ಗಂಟು ಹಾಕಿ, ತಲೆಯ ಉಳಿದ ಭಾಗಕ್ಕೆ ಯಂತ್ರದಲ್ಲಿ ಹೊಲಿದ ಕೂದಲಿನ ಪಟ್ಟಿಗಳನ್ನೇ ಬಳಸಿ ತಯಾರಿಸಿದ ವಿಗ್.

ತುದಿಯಲ್ಲಿ ಕೊಕ್ಕೆಯಿರುವ ಸೂಜಿಯಿಂದ ಗಂಟು ಹಾಕುವ ಈ ಕೆಲಸ ಬಹಳ ಹೊತ್ತು ಹಿಡಿಯುವಂಥದ್ದಾದ್ದರಿಂದ ವಿಗ್‌ನ ಬೆಲೆಯ ದೊಡ್ಡ ಪಾಲು ಇಲ್ಲೇ ಸೇರಿಕೊಳ್ಳುತ್ತದೆ. ಇಡೀ ಟೊಪ್ಪಿಯನ್ನು ಲೇಸಿನ ಮೇಲೆ ಕೈಯಿಂದ ಕಟ್ಟಿದ ‘ಫುಲ್ ಲೇಸ್’ ವಿಗ್‌ಗಳು ದುಬಾರಿಯಾಗುವುದು ಈ ಕಾರಣದಿಂದ. ಲೇಸ್ ಫ್ರಂಟ್‌ನಲ್ಲಿ ನೋಡುವವರ ಕಣ್ಣು ಬೀಳುವ ಕಡೆ ಮಾತ್ರ ಕೈಕೆಲಸವಿದ್ದು ಉಳಿದೆಡೆ ಖರ್ಚು ಉಳಿಸಲಾಗಿರುತ್ತದೆ. ಕಡಿಮೆ ಹಣದಲ್ಲಿ ಕೊಳ್ಳುವವರೂ ಇದೇ ಲೆಕ್ಕವನ್ನು ಅನುಸರಿಸುವುದು ಲೇಸು: ಮುಂದಲೆಯ ಎರಡು ಬೆರಳಗಲ ಜಾಗ ಮತ್ತು ಟೊಪ್ಪಿಯ ಅಳತೆ, ಇವೆರಡು ಸರಿಯಿದ್ದರೆ ಮಿಕ್ಕ ಕೊರತೆಗಳನ್ನು ಕತ್ತರಿ, ಪ್ಲಕ್ಕರ್, ಪೌಡರುಗಳಿಂದ ಬಹುಮಟ್ಟಿಗೆ ತಿದ್ದಬಹುದು, ಇವೆರಡು ತಪ್ಪಿದರೆ ಮಾರುದ್ದದ ಕೂದಲಿದ್ದರೂ ಪ್ರಯೋಜನವಿಲ್ಲ.

ನಾಟಕ, ಆಪೆರಾ, ಸಿನಿಮಾಗಳ ವಿಗ್ ತಯಾರಕರು ಬಹುಕಾಲದಿಂದ ಬಳಸುತ್ತಿದ್ದ ಈ ತಂತ್ರವನ್ನು ಸಾಮಾನ್ಯ ಗ್ರಾಹಕರ ಕೈಗೆಟಕುವ ಬೆಲೆಗೆ ಇಳಿಸಿದ್ದು ಮುಖ್ಯವಾಗಿ ಚೀನಾದ ಕಾರ್ಖಾನೆಗಳು. ಅವುಗಳ ದೊಡ್ಡ ಕೇಂದ್ರ ಹೆನಾನ್ ಪ್ರಾಂತ್ಯದ ಶೂಚಾಂಗ್ ನಗರ, ಅವುಗಳ ಪ್ರಮುಖ ಗ್ರಾಹಕರು ಅಮೆರಿಕ ಮತ್ತು ಆಫ್ರಿಕಾದ ಕಪ್ಪು ಮಹಿಳೆಯರು. ಆನ್‌ಲೈನ್ ಅಂಗಡಿಗಳಲ್ಲಿ ಕಾಣುವ ತುಂಬು ದಟ್ಟಣೆ, ಸೊಂಟ ಮುಟ್ಟುವ ಉದ್ದ, ಹಣೆಯ ಮೇಲೆ ಜೆಲ್ ಹಚ್ಚಿ ಸುರುಳಿಯಾಗಿ ಕೂರಿಸಿದ ಗಿಡ್ಡ ಕೂದಲು, ಇವೆಲ್ಲ ಆ ಮಾರುಕಟ್ಟೆಯ ಫ್ಯಾಷನ್ನಿಗೆ ತಕ್ಕವು. ಆ ಅಲಂಕಾರವೇ ಬೇಕೆನ್ನುವವರಿಗೆ ಅದರಲ್ಲಿ ದೋಷವೇನೂ ಇಲ್ಲ. ಆದರೆ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ದಿನವೂ ಕಚೇರಿಗೆ ಹೋಗಿಬರುವ, ತಲೆಯ ಮೇಲೇನೋ ಇದೆ ಎಂಬ ಅನುಮಾನವೇ ಯಾರಿಗೂ ಬಾರದಿರಲಿ ಎಂದು ಬಯಸುವವರು ಚಿತ್ರದಲ್ಲಿ ಕಂಡದ್ದಕ್ಕಿಂತ ತೆಳುವಾದ, ಗಿಡ್ಡದಾದ, ಕಡಿಮೆ ಹೊಳಪಿನ ವಿಗ್ ಆರಿಸಿಕೊಳ್ಳಬೇಕು.

ಕೂದಲು ಎಲ್ಲಿಯದು

ವಿಗ್‌ಗಳಲ್ಲಿ ಮಾನವ ಕೂದಲು ಮತ್ತು ಕೃತಕ ಎಳೆ ಎಂದು ಎರಡು ಬಗೆಗಳಿದ್ದು, ಮಾನವ ಕೂದಲು ಎಂದರೆ ತಾನಾಗಿಯೇ ಉತ್ತಮ ಎಂಬ ಭಾವನೆ ಸಾಮಾನ್ಯವಾಗಿದೆ. ಅದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ತಿಳಿಯಲು ಕೂದಲು ಮಾರುಕಟ್ಟೆಗೆ ಬರುವ ಎರಡು ದಾರಿಗಳನ್ನು ನೋಡಬೇಕು. ತಿರುಮಲದ ಕಲ್ಯಾಣಕಟ್ಟೆಯಂಥ ಕಡೆಗಳಲ್ಲಿ ಭಕ್ತರು ಮುಡಿ ಕೊಟ್ಟ ಕೂದಲು ಒಂದು ದಾರಿಯಿಂದ ಬರುತ್ತದೆ; ತಲೆಯಿಂದ ಕಟ್ಟುಕಟ್ಟಾಗಿ ತೆಗೆದದ್ದಾದ್ದರಿಂದ ಅದರ ಬುಡಗಳನ್ನೆಲ್ಲ ಒಂದೇ ಕಡೆಗಿಟ್ಟು ಜೋಡಿಸಬಹುದು, ದೇವಸ್ಥಾನದ ಆಡಳಿತ ಅದನ್ನು ಹರಾಜಿನಲ್ಲಿ ಮಾರುತ್ತದೆ. ಇನ್ನೊಂದು ದಾರಿ, ಬಾಚಣಿಗೆಗೆ ಸಿಕ್ಕಿ ಉದುರಿದ ಕೂದಲಿನದು. ಮನೆಮನೆಯ ಹೆಂಗಸರು ಸುತ್ತಿಟ್ಟ ಕೂದಲಿನ ಉಂಡೆಗಳನ್ನು ಬೀದಿ ವ್ಯಾಪಾರಿಗಳು ಪಾತ್ರೆಗೋ ಪ್ಲಾಸ್ಟಿಕ್ ಸಾಮಾನಿಗೋ ಬದಲಾಗಿ ಪಡೆದು ಕೊಂಡೊಯ್ಯುತ್ತಾರೆ. ಅದನ್ನು ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸ ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ದೊಡ್ಡ ಉದ್ಯಮವಾಗಿ ಬೆಳೆದಿದ್ದು, ಸಿಕ್ಕು ಬಿಡಿಸುವ ಬೆರಳುಗಳು ಬಹುಪಾಲು ಸ್ಥಳೀಯ ಹೆಂಗಸರವೇ.

ಈ ಎರಡು ಬಗೆಯ ಕೂದಲಿನ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಬಳಕೆಯಲ್ಲಿ ಗೊತ್ತಾಗುತ್ತದೆ. ಕೂದಲಿನ ಹೊರಮೈಯಲ್ಲಿ ಬುಡದಿಂದ ತುದಿಯ ಕಡೆಗೆ ಮೀನಿನ ಹುರುಪೆಗಳಂತೆ ಹಾಸಿಕೊಂಡ ಸೂಕ್ಷ್ಮ ಪದರವಿದ್ದು, ಎಲ್ಲ ಎಳೆಗಳ ಹುರುಪೆಗಳೂ ಒಂದೇ ದಿಕ್ಕಿಗಿದ್ದರೆ ಅವು ಒಂದರ ಮೇಲೊಂದು ಸರಾಗವಾಗಿ ಜಾರುತ್ತವೆ. ಹೀಗೆ ದಿಕ್ಕು ಕಾಯ್ದುಕೊಂಡ ಕೂದಲನ್ನು ವ್ಯಾಪಾರದಲ್ಲಿ ‘ರೆಮಿ’ ಎನ್ನುತ್ತಾರೆ. ಉದುರಿದ ಕೂದಲಿನಲ್ಲಿ ಬುಡ ತುದಿಗಳು ಬೆರೆತುಹೋಗಿರುವುದರಿಂದ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತವೆ. ಅದನ್ನು ತಪ್ಪಿಸಲು ಅಗ್ಗದ ತಯಾರಿಕೆಯಲ್ಲಿ ಕೂದಲನ್ನು ಆಮ್ಲದ ದ್ರಾವಣದಲ್ಲಿ ಅದ್ದಿ ಹೊರಪದರವನ್ನೇ ಕರಗಿಸಿ, ಮೇಲೆ ಸಿಲಿಕೋನ್ ಲೇಪ ಕೊಡುವ ಪದ್ಧತಿಯಿದೆ. ಕೊಂಡ ದಿನ ರೇಷ್ಮೆಯಂತೆ ಹೊಳೆಯುತ್ತಿದ್ದ ವಿಗ್ ಕೆಲವೇ ತೊಳೆತಗಳ ನಂತರ ಒಣಗಿದ ಜುಂಗಾಗುವುದು ಆ ಲೇಪ ತೊಳೆದುಹೋದಾಗ. ಹೀಗಿರುವಾಗ, ‘100% ಮಾನವ ಕೂದಲು’ ಎಂಬ ಚೀಟಿ ಹೊತ್ತು ಅನುಮಾನ ಬರುವಷ್ಟು ಕಡಿಮೆ ಬೆಲೆಗೆ ಸಿಗುವ ಉದ್ದನೆಯ ವಿಗ್‌ಗಿಂತ ಅದೇ ಹಣದ ಒಳ್ಳೆಯ ಕೃತಕ ಎಳೆಯ ವಿಗ್ ಹೆಚ್ಚು ಬಾಳುತ್ತದೆ, ಹೆಚ್ಚು ಸಹಜವಾಗಿಯೂ ಕಾಣುತ್ತದೆ.

ಕೃತಕ ಎಳೆಗಳಲ್ಲಿ ಬಹಳ ಬಳಕೆಯಲ್ಲಿರುವುದು ಮೊಡಾಕ್ರಿಲಿಕ್ ಎಂಬ ನೂಲು. ಜಪಾನಿನ ಕನೇಕಾ ಕಂಪನಿಯ ‘ಕನೇಕಲಾನ್’ ಇದರ ಹೆಸರಾಂತ ಬಗೆ. ಅಲೆಯಾಗಲಿ ಸುರುಳಿಯಾಗಲಿ ತಯಾರಿಕೆಯ ಹೊತ್ತಿಗೇ ಅದರಲ್ಲಿ ಕೂರಿಸಿರುವುದರಿಂದ ತೊಳೆದು ಒಣಗಿಸಿದ ಮೇಲೂ ಆಕಾರ ಹಾಗೆಯೇ ಮರಳಿ ಬರುತ್ತದೆ, ಬೆಳಿಗ್ಗೆ ಹೊತ್ತಿಲ್ಲದವರಿಗೆ ಇದು ದೊಡ್ಡ ಅನುಕೂಲ. ಆದರೆ ಇಸ್ತ್ರಿಯಂಥ ಸ್ಟ್ರೇಟ್ನರ್ ತಾಗಿದರೆ ಎಳೆ ಕರಗಿಹೋಗುತ್ತದೆ. ‘ಹೀಟ್ ಫ್ರೆಂಡ್ಲಿ’ ಎಂದು ಮಾರುವ ಎಳೆ ಚೀಟಿಯಲ್ಲಿ ಹೇಳಿದ ಮಿತಿಯವರೆಗೆ ಬಿಸಿ ತಡೆದರೂ ಅದರ ತುದಿಗಳು ಮಾಮೂಲಿ ಕೃತಕ ಎಳೆಗಿಂತ ಬೇಗ ಒರಟಾಗುತ್ತವೆ. ದಿನವೂ ಧರಿಸಿದರೆ ಕೃತಕ ಎಳೆಯ ವಿಗ್ ನಾಲ್ಕರಿಂದ ಆರು ತಿಂಗಳು, ಒಳ್ಳೆಯ ಮಾನವ ಕೂದಲಿನದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂಬುದು ರೂಢಿಯ ಲೆಕ್ಕ. ಕೊಂಡದ್ದು ಯಾವುದೆಂಬ ಸಂಶಯವಿದ್ದಲ್ಲಿ ಒಳಭಾಗದಿಂದ ಎರಡು ಎಳೆ ಕಿತ್ತು, ವಿಗ್‌ನಿಂದ ದೂರದಲ್ಲಿ ಸುಟ್ಟು ನೋಡಬಹುದು: ಮಾನವ ಕೂದಲು ಸುಟ್ಟ ಕೂದಲಿನದೇ ವಾಸನೆ ಬೀರಿ ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ, ಕೃತಕ ಎಳೆ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಬೆರೆಸಿದ ವಿಗ್‌ಗಳೂ ಇರುವುದರಿಂದ ಬೇರೆ ಬೇರೆ ಜಾಗದ ಎಳೆಗಳನ್ನು ಪರೀಕ್ಷಿಸುವುದು ಒಳಿತು.

ಆಯ್ಕೆ

ವಿಗ್‌ನ ವಿವರಣೆಯಲ್ಲಿ ಕಾಣುವ 13×4, 13×6 ಎಂಬ ಅಂಕಿಗಳು ಇಂಚಿನ ಲೆಕ್ಕದವು. ಮೊದಲನೆಯದು ಕಿವಿಯಿಂದ ಕಿವಿಗೆ ಲೇಸಿನ ಉದ್ದವನ್ನೂ ಎರಡನೆಯದು ಹಣೆಯಿಂದ ನೆತ್ತಿಯ ಕಡೆಗೆ ಅದರ ಅಗಲವನ್ನೂ ಹೇಳುತ್ತದೆ. ಅಗಲ ಹೆಚ್ಚಿದಷ್ಟೂ ಬೈತಲೆಯನ್ನು ಬೇಕಾದ ಕಡೆ, ಬೇಕಾದಷ್ಟು ಹಿಂದಕ್ಕೆ ತೆಗೆಯಲು ಬರುತ್ತದೆ, ಬೆಲೆಯೂ ಏರುತ್ತದೆ. ‘ಟಿ ಪಾರ್ಟ್’ ಎಂಬ ಬಗೆಯಲ್ಲಿ ಮುಂದಲೆಗೆ ಒಂದು ಕಿರಿದಾದ ಲೇಸ್ ಪಟ್ಟಿ, ನಡುಬೈತಲೆಗೆ ಇನ್ನೊಂದು ಪಟ್ಟಿ ಮಾತ್ರ ಇದ್ದು, ಬೈತಲೆಯ ಜಾಗ ಬದಲಿಸಲಾಗದು ಎಂಬ ಕಾರಣಕ್ಕೆ ಅದನ್ನು ಕೀಳಾಗಿ ಕಾಣುವುದುಂಟು. ಜನ್ಮವಿಡೀ ನಡುಬೈತಲೆಯನ್ನೇ ತೆಗೆದು ಬಂದವರಿಗೆ ಆ ಮಿತಿ ಮಿತಿಯೇ ಅಲ್ಲವಾದ್ದರಿಂದ ಕಡಿಮೆ ಬೆಲೆಯ ಆಯ್ಕೆಗಳಲ್ಲಿ ಬಹುಶಃ ಇದರಷ್ಟು ಜಾಣತನದ್ದು ಬೇರೊಂದಿಲ್ಲ. ಲೇಸಿನಲ್ಲಿ ಸ್ವಿಸ್ ಮತ್ತು ಎಚ್‌ಡಿ ಎನ್ನುವ ಬಗೆಗಳು ಬಹಳ ತೆಳುವಾಗಿ ಚರ್ಮದಲ್ಲಿ ಬೆರೆತುಹೋಗುತ್ತವೆ, ಅಷ್ಟೇ ಬೇಗ ಹರಿಯುತ್ತವೆ. ಫ್ರೆಂಚ್ ಲೇಸ್ ತುಸು ದಪ್ಪ, ಹೆಚ್ಚು ಗಟ್ಟಿ. ದಿನಬಳಕೆಯ ಮೊದಲ ವಿಗ್‌ಗೆ ಗಟ್ಟಿಯಾದದ್ದೇ ಸಾಕು.

ದಟ್ಟಣೆಯನ್ನು ಶೇ 130, 150, 180 ಎಂದು ಸೂಚಿಸುತ್ತಾರೆ. ಇದು ನಿಖರವಾದ ಮಾಪನವಲ್ಲ, ತಯಾರಕರ ನಡುವಿನ ರೂಢಿಯ ಸಂಕೇತ. ಒಂದು ಕಂಪನಿಯ 150 ಇನ್ನೊಂದರ 130ರಷ್ಟೇ ಇರಬಹುದು. ಸಹಜವಾಗಿ ಕಾಣಲು 130ರ ಆಸುಪಾಸು ಸಾಕಾಗುತ್ತದೆ, ನಡುವಯಸ್ಸು ದಾಟಿದವರಿಗೆ ಅದಕ್ಕೂ ಕಡಿಮೆ ಒಪ್ಪುತ್ತದೆ. ಬಣ್ಣದಲ್ಲಿ 1 ಎಂದರೆ ಕಡುಗಪ್ಪು, 1ಬಿ ಎಂದರೆ ತುಸು ಮೆತ್ತನೆಯ ಸಹಜ ಕಪ್ಪು, 2 ಎಂದರೆ ಕಪ್ಪಿಗೆ ಹತ್ತಿರವಾದ ಕಂದು. ನಮ್ಮ ಕಡೆಯವರು ತಮ್ಮ ಕೂದಲು ಅಪ್ಪಟ ಕಪ್ಪೆಂದು ನಂಬಿ ಒಂದನೆಯದನ್ನು ಆರಿಸಿ, ಅದು ಡೈ ಹಾಕಿದಂತೆ ಕಂಡಾಗ ಬೇಸರಪಡುವುದು ಸಾಮಾನ್ಯ. ಬಹುತೇಕರಿಗೆ 1ಬಿ ಅಥವಾ 2 ಹೊಂದುತ್ತದೆ, ಅದನ್ನು ಅಂಗಡಿಯ ದೀಪದಡಿಯಲ್ಲಲ್ಲ, ಹಗಲು ಬೆಳಕಿನಲ್ಲಿ ನೋಡಿ ನಿರ್ಧರಿಸಬೇಕು. ನರೆ ಬಂದವರು ಒಮ್ಮೆಗೇ ಕಪ್ಪಿಗೆ ಹೋಗದೆ ಅಲ್ಲಲ್ಲಿ ಬೂದು ಎಳೆ ಬೆರೆಸಿದ್ದನ್ನು ಹುಡುಕಿದರೆ ಮುಖಕ್ಕೂ ಕೂದಲಿಗೂ ಹೊಂದಿಕೆ ಉಳಿಯುತ್ತದೆ.

ಉದ್ದದ ವಿಷಯದಲ್ಲಿ ಆಸೆಯನ್ನು ತುಸು ಕಟ್ಟಿಹಾಕಬೇಕಾಗುತ್ತದೆ. ವಿಗ್‌ನ ಕೂದಲಿಗೆ ನೆತ್ತಿಯ ಜಿಡ್ಡಿನ ಪೋಷಣೆ ಇಲ್ಲದಿರುವುದರಿಂದ ಭುಜ, ಕಾಲರ್, ರವಿಕೆಯ ಜರಿಯಂಚು, ದುಪಟ್ಟಾಗಳಿಗೆ ಉಜ್ಜಿ ಹೆಕ್ಕತ್ತಿನ ಭಾಗ ಮೊದಲು ಸಿಕ್ಕಾಗುತ್ತದೆ. ಭುಜಕ್ಕಿಂತ ಮೇಲೆ ನಿಲ್ಲುವ ಉದ್ದದಲ್ಲಿ ಈ ತಾಪತ್ರಯ ಬಹಳ ಕಡಿಮೆ. ಉದ್ದ ಕಡಿಮೆಯಾದಷ್ಟೂ ಅದೇ ಹಣಕ್ಕೆ ಉತ್ತಮ ಲೇಸ್, ಉತ್ತಮ ಎಳೆ ಸಿಗುತ್ತದೆ.

ತಲೆಯ ಸುತ್ತಳತೆಯನ್ನು ಹಣೆಯ ಕೂದಲಂಚಿನಿಂದ ಕಿವಿಯ ಹಿಂದಾಗಿ ಹೆಕ್ಕತ್ತಿನ ಮೂಲಕ ಸುತ್ತಿ ಅಳೆಯಬೇಕು. ‘ಆವರೇಜ್’ ಅಥವಾ ಮಧ್ಯಮ ಎಂದು ಗುರುತಿಸಿದ ಟೊಪ್ಪಿ ಸುಮಾರು 55ರಿಂದ 57 ಸೆಂ.ಮೀ. ಸುತ್ತಳತೆಗೆ ಹೊಂದುತ್ತದೆ, ಒಳಗೆ ಹಿಂಭಾಗದಲ್ಲಿರುವ ಪಟ್ಟಿಗಳಿಂದ ಇದನ್ನು ಸ್ವಲ್ಪ ಬಿಗಿ ಅಥವಾ ಸಡಿಲ ಮಾಡಲು ಬರುತ್ತದೆ. ಕಿವಿಯ ಮುಂದೆ ಕೂರುವ ಸಣ್ಣ ನಾಲಿಗೆಗಳಲ್ಲಿ ಅನೇಕ ವಿಗ್‌ಗಳಿಗೆ ಬಗ್ಗಿಸಬಹುದಾದ ತೆಳು ಲೋಹದ ಕಡ್ಡಿಯಿದ್ದು, ಅದನ್ನು ಕಣತಲೆಯ ಬಾಗಿಗೆ ತಕ್ಕಂತೆ ಒತ್ತಿದರೆ ಬದಿಗಳು ರೆಕ್ಕೆಯಂತೆ ಎದ್ದು ನಿಲ್ಲುವುದು ತಪ್ಪುತ್ತದೆ. ಕೂದಲು ಪೂರ್ತಿ ಉದುರಿದ ಮೇಲೆ ಸುತ್ತಳತೆ ಕೊಂಚ ಇಳಿಯುತ್ತದೆ. ಕಿಮೊಥೆರಪಿಯಲ್ಲಿ ಕೂದಲು ಉದುರುವುದು ಸಾಮಾನ್ಯವಾಗಿ ಮೊದಲ ಚಿಕಿತ್ಸೆಯ ಎರಡು ಮೂರು ವಾರಗಳ ನಂತರವಾದ್ದರಿಂದ, ಅದಕ್ಕೆ ಮುಂಚೆಯೇ ತಮ್ಮ ಕೂದಲಿನ ಬಣ್ಣಕ್ಕೆ ಹೋಲಿಸಿ ವಿಗ್ ಕೊಂಡಿಟ್ಟು, ಅಳತೆಯನ್ನು ಆಮೇಲೆ ಬಿಗಿ ಮಾಡಿಕೊಳ್ಳುವುದು ಸೂಕ್ತ. ಅಂಥವರು ಒಳಗೆ ಬಾಚಣಿಗೆಯಂಥ ಕ್ಲಿಪ್‌ಗಳಿರುವ ವಿಗ್‌ಗಳನ್ನು ಕೊಳ್ಳಬಾರದು, ಕೊಂಡಿದ್ದರೆ ಹೊಲಿಗೆ ಬಿಚ್ಚಿ ತೆಗೆಯಬೇಕು.

ತಿದ್ದುವ ಕೆಲಸ

ಪೆಟ್ಟಿಗೆಯಿಂದ ತೆಗೆದ ಕೂಡಲೇ ಧರಿಸುವಂತಿರುವ ಅಗ್ಗದ ವಿಗ್ ಅಪರೂಪ. ಅದರಲ್ಲಿ ಎಲ್ಲವೂ ಅತಿಯಾಗಿರುತ್ತದೆ: ಕೂದಲು ಹೆಚ್ಚು, ಹೊಳಪು ಹೆಚ್ಚು, ಮುಂದಲೆಯ ಸಾಲು ಗದ್ದೆಯ ಪೈರಿನಂತೆ ಒಂದೇ ಸಮ. ಅದರಿಂದಾಗಿ ಅಲಂಕಾರ ಎಂಬುದು ಇಲ್ಲಿ ಬಹುಪಾಲು ಕಡಿಮೆ ಮಾಡುವ ಕೆಲಸವೇ. ಲೇಸಿಗೆ ಕೈ ಹಚ್ಚುವ ಮೊದಲು ಅಳತೆ, ಬಣ್ಣಗಳನ್ನು ಪೂರ್ತಿ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ಒಮ್ಮೆ ಲೇಸ್ ಕತ್ತರಿಸಿದ ವಿಗ್ ಅನ್ನು ಅಂಗಡಿಯವರು ಹಿಂದಕ್ಕೆ ಪಡೆಯುವುದಿಲ್ಲ.

ಮೊದಲು ಲೇಸಿನ ಬಣ್ಣ. ಬಿಳಿ ಅಥವಾ ತೀರ ತಿಳಿ ಲೇಸ್ ನಮ್ಮ ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುವುದರಿಂದ, ಹಾಲು ಹಾಕದ ಚಹಾದ ಗಟ್ಟಿ ಡಿಕಾಕ್ಷನ್ ತಣ್ಣಗಾದ ಮೇಲೆ ಲೇಸಿನ ಅಂಚನ್ನು ಮಾತ್ರ ಅದರಲ್ಲಿ ಅದ್ದಿ, ಹತ್ತು ನಿಮಿಷಕ್ಕೊಮ್ಮೆ ತೆಗೆದು ನೋಡುತ್ತ ಬಣ್ಣ ಹಿಡಿಸಬಹುದು. ಅಥವಾ ಮುಖಕ್ಕೆ ಹಚ್ಚುವ ಕಾಂಪ್ಯಾಕ್ಟ್ ಪೌಡರನ್ನೇ ಲೇಸಿನ ಒಳಮೈಗೆ ಒತ್ತಬಹುದು. ಇಲ್ಲಿ ಗಮನಿಸಬೇಕಾದುದೆಂದರೆ ಬೈತಲೆಯ ಚರ್ಮ ಬಿಸಿಲು ಕಾಣದ್ದಾದ್ದರಿಂದ ಮುಖಕ್ಕಿಂತ ತುಸು ತಿಳಿಯಾಗಿರುತ್ತದೆ. ಹಣೆಯಂಚಿಗೆ ಒಂದು ಛಾಯೆ, ಬೈತಲೆಗೆ ಅದಕ್ಕಿಂತ ಒಂದು ಹಂತ ತಿಳಿಯಾದ ಇನ್ನೊಂದು ಛಾಯೆ ಬಳಸಿದರೆ ಕಾಣುವ ನೋಟವೇ ಬೇರೆಯಾಗುತ್ತದೆ. ಇದೇ ಪೌಡರು ಗಂಟುಗಳ ಕಪ್ಪು ಚುಕ್ಕೆಗಳನ್ನೂ ಮರೆಸುತ್ತದೆ. ಮಾನವ ಕೂದಲಿನ ವಿಗ್‌ನಲ್ಲಿ ಬ್ಲೀಚ್ ಹಚ್ಚಿ ಗಂಟುಗಳ ಬಣ್ಣ ತೆಗೆಯುವುದುಂಟು; ಅದು ಹೆಚ್ಚಾದರೆ ಗಂಟು ಸಡಿಲಗೊಂಡು ಕೂದಲು ಉದುರುವುದರಿಂದ ಕೈ ಪಳಗದವರು ಬಿಡುವುದೇ ಒಳ್ಳೆಯದು. ಕೃತಕ ಎಳೆಯಲ್ಲಿ ಬಣ್ಣ ನೂಲಿನೊಳಗೇ ಸೇರಿರುವುದರಿಂದ ಬ್ಲೀಚ್ ಕೆಲಸ ಮಾಡುವುದಿಲ್ಲ.

ಅನಂತರ ಕೂದಲು ಕೀಳುವುದು. ವಿಗ್ ಅನ್ನು ಗುಂಡುಪಿನ್ನುಗಳಿಂದ ತಲೆಯಚ್ಚಿನ ಮೇಲೆ ಭದ್ರಪಡಿಸಿ, ಓರೆ ತುದಿಯ ಪ್ಲಕ್ಕರಿನಿಂದ ಒಂದೊಂದೇ ಎಳೆಯನ್ನು ಬುಡದಲ್ಲಿ ಹಿಡಿದು ತೆಗೆಯಬೇಕು. ಆದರೆ ಆರಂಭಿಸುವುದು ತೀರ ಮುಂದಿನ ಸಾಲಿನಿಂದಲ್ಲ, ಅದರ ಹಿಂದಿನ ಎರಡು ಮೂರು ಸಾಲುಗಳಿಂದ. ಮುಂದಿನ ಸಾಲು ವಿರಳವಾಗಿಯೇ ಇರುವುದರಿಂದ ಅದನ್ನು ಕಿತ್ತರೆ ಹಣೆ ಹಿಂದೆ ಸರಿದಂತಾಗುತ್ತದೆಯೇ ಹೊರತು ಅಂಚು ಮೃದುವಾಗುವುದಿಲ್ಲ. ಒಂದೇ ಜಾಗದಲ್ಲಿ ನಿಲ್ಲದೆ ಸ್ವಲ್ಪ ಇಲ್ಲಿ, ಸ್ವಲ್ಪ ಅಲ್ಲಿ ತೆಗೆಯುತ್ತ, ಆಗಾಗ ದೂರ ನಿಂತು ನೋಡಬೇಕು. ಕಿತ್ತದ್ದನ್ನು ಮತ್ತೆ ಕೂರಿಸಲಾಗದು, ಉಳಿದದ್ದನ್ನು ನಾಳೆಯೂ ಕೀಳಬಹುದು. ಎರಡೂ ಬದಿಗಳು ಒಂದೇ ಸಮನಾಗಬೇಕೆಂಬ ಹಟ ಬೇಡ, ಸಹಜ ತಲೆಯಲ್ಲಿ ಅವು ಹಾಗಿರುವುದಿಲ್ಲ. ಹಣೆಯ ಮೇಲಿನ ಗಿಡ್ಡ ಕೂದಲು ಬೇಕೆನಿಸಿದರೆ ಕಣತಲೆಗಳ ಬಳಿ ನಾಲ್ಕಾರು ಎಳೆಗಳನ್ನು ಓರೆಯಾಗಿ ಕತ್ತರಿಸಿದರೆ ಸಾಕು.

ಲೇಸ್ ಕತ್ತರಿಸುವುದು ಕೊನೆಯ ಹಂತ. ವಿಗ್ ಧರಿಸಿ, ಕೂದಲನ್ನೆಲ್ಲ ಹಿಂದಕ್ಕೆ ಕ್ಲಿಪ್ ಮಾಡಿ, ಹೆಚ್ಚುವರಿ ಲೇಸನ್ನು ಹಣೆಯ ನಡುವೆ ಮತ್ತು ಕಣತಲೆಗಳ ಬಳಿ ಸೀಳಿ ಭಾಗಗಳಾಗಿ ಮಾಡಿಕೊಂಡು, ಒಂದೊಂದು ಭಾಗವನ್ನೂ ತುಸು ಎಳೆದು ಹಿಡಿದು, ಕೂದಲಿನ ಮೊದಲ ಸಾಲಿನಿಂದ ಎರಡು ಮೂರು ಮಿ.ಮೀ. ಬಿಟ್ಟು ಕತ್ತರಿಸಬೇಕು. ಹುಬ್ಬು ತಿದ್ದುವ ಸಣ್ಣ ಕತ್ತರಿಯಿಂದ ಅಂಕುಡೊಂಕಾಗಿ ಕತ್ತರಿಸಿದ ಅಂಚು ಚರ್ಮದಲ್ಲಿ ಕರಗಿಹೋಗುತ್ತದೆ. ನೇರವಾಗಿ ಕತ್ತರಿಸಿದ ಅಂಚು ನೇರ ಗೆರೆಯಾಗಿಯೇ ಕಾಣುತ್ತದೆ. ಕೃತಕ ಎಳೆಯ ಹೊಳಪನ್ನು ತಗ್ಗಿಸಲು ಟಾಲ್ಕಂ ಪೌಡರನ್ನು ದೊಡ್ಡ ಬ್ರಶ್‌ನಿಂದ ಹಗುರಾಗಿ ಸವರಿ ಚೆನ್ನಾಗಿ ಕೊಡವಬೇಕು. ಇಷ್ಟಾದ ಮೇಲೆ ಬ್ಯೂಟಿ ಪಾರ್ಲರಿನಲ್ಲಿ ವಿಗ್ ತೊಟ್ಟುಕೊಂಡೇ ಮುಖಕ್ಕೆ ತಕ್ಕಂತೆ ತುದಿಗಳನ್ನು ಕತ್ತರಿಸಿಕೊಂಡರೆ ಆ ಸಣ್ಣ ಖರ್ಚು ಬೇರಾವ ಖರ್ಚಿಗಿಂತಲೂ ಹೆಚ್ಚು ಫಲ ಕೊಡುತ್ತದೆ. ಒಂದೇ ಅಚ್ಚಿನಲ್ಲಿ ತಯಾರಾದ ವಿಗ್ ಒಬ್ಬರ ವಿಗ್ ಆಗುವುದು ಈ ಕತ್ತರಿಯಿಂದ.

ಧರಿಸುವುದು, ಮುಡಿಯುವುದು, ತೊಳೆಯುವುದು

ಅಂಟು ಇಲ್ಲದೆ ಲೇಸ್ ಫ್ರಂಟ್ ನಿಲ್ಲುವುದಿಲ್ಲ ಎಂಬುದು ಸರಿಯಲ್ಲ. ಟೊಪ್ಪಿಯ ಒಳಗೆ ಕಿವಿಯಿಂದ ಕಿವಿಗೆ ಹಿಂಭಾಗದ ಮೂಲಕ ಹಾದುಹೋಗುವ ಎಲಾಸ್ಟಿಕ್ ಪಟ್ಟಿಯನ್ನು ಹೊಲಿದುಕೊಂಡರೆ ಅದು ಲೇಸನ್ನು ಹಣೆಗೆ ಒತ್ತಿಹಿಡಿಯುತ್ತದೆ. ಕೂದಲಿಲ್ಲದವರು ‘ವಿಗ್ ಗ್ರಿಪ್’ ಎಂಬ ಮಖಮಲ್ಲಿನ ಅಥವಾ ಸಿಲಿಕೋನಿನ ಪಟ್ಟಿಯನ್ನು ತಲೆಗೆ ಕಟ್ಟಿ ಅದರ ಮೇಲೆ ಧರಿಸಬಹುದು. ಕರಾವಳಿಯ ಸೆಕೆಯಲ್ಲಾಗಲಿ ಕಲಬುರಗಿಯ ಬೇಸಿಗೆಯಲ್ಲಾಗಲಿ ಬೆವರಿಗೆ ಅಂಟು ಬೇಗ ಬಿಡುವುದರಿಂದ ದಿನಬಳಕೆಗೆ ಈ ವಿಧಾನವೇ ಮೇಲು. ಮದುವೆ, ನೃತ್ಯಪ್ರದರ್ಶನದಂಥ ಸಂದರ್ಭಗಳಿಗೆ ಅಂಟು ಬೇಕಾದಲ್ಲಿ, ಒಂದು ದಿನ ಮುಂಚೆ ಕಿವಿಯ ಹಿಂದೆ ಒಂದು ಹನಿ ಹಚ್ಚಿ ಚರ್ಮ ಕೆಂಪಾಗುವುದೋ ತುರಿಸುವುದೋ ನೋಡಿಕೊಳ್ಳಬೇಕು. ತೆಗೆಯುವಾಗ ಅದರದೇ ದ್ರಾವಣದಿಂದ ಅಥವಾ ಎಣ್ಣೆಯಿಂದ ಸಡಿಲಗೊಳಿಸಬೇಕೇ ಹೊರತು ಎಳೆಯಬಾರದು, ಮತ್ತೆ ಮತ್ತೆ ಎಳೆದರೆ ಮುಂದಲೆಯ ಸ್ವಂತ ಕೂದಲೇ ಉದುರಿ ಅಂಚು ಬೋಳಾಗುತ್ತದೆ. ಕಿಮೊಥೆರಪಿ ಪಡೆಯುತ್ತಿರುವವರ ಚರ್ಮಕ್ಕೆ ಅಂಟು ತಾಗಿಸದಿರುವುದೇ ಕ್ಷೇಮ.

ಲೇಸ್ ಫ್ರಂಟ್‌ನಲ್ಲಿ ಹಿಂಭಾಗ ಯಂತ್ರದ ಹೊಲಿಗೆಯದ್ದಾದ್ದರಿಂದ ಕೂದಲನ್ನೆಲ್ಲ ಮೇಲಕ್ಕೆತ್ತಿ ನೆತ್ತಿಯಲ್ಲಿ ತುರುಬು ಕಟ್ಟಿದರೆ ಹೆಕ್ಕತ್ತಿನಲ್ಲಿ ಪಟ್ಟಿಗಳು ಬಯಲಾಗುತ್ತವೆ. ಕೆಳಗೆ ಕಟ್ಟಿದ ಸಡಿಲ ಜಡೆ, ಹೆಕ್ಕತ್ತಿನ ಮೇಲೆ ಕೂರುವ ತುರುಬು, ಅರ್ಧ ಕಟ್ಟಿ ಅರ್ಧ ಬಿಟ್ಟ ಕೂದಲು, ಇವು ಹೊಂದುತ್ತವೆ. ಮಲ್ಲಿಗೆ ದಂಡೆಯ ಭಾರ ವಿಗ್ ಅನ್ನು ಹಿಂದಕ್ಕೆ ಜಗ್ಗಿ ಹಣೆಯಂಚನ್ನು ಎಬ್ಬಿಸುವುದರಿಂದ ಮೊಳಗಟ್ಟಲೆ ಹೂವಿನ ಬದಲು ಗಿಡ್ಡ ದಂಡೆಯೊಂದನ್ನು ಹಿಂಭಾಗದ ಹೊಲಿಗೆಯ ಪಟ್ಟಿಗೆ ಹೇರ್‌ಪಿನ್ನಿನಿಂದ ಸಿಕ್ಕಿಸಬೇಕು; ಲೇಸಿಗೆ ಪಿನ್ ಚುಚ್ಚಿದರೆ ಅದು ಹರಿಯುತ್ತದೆ. ಬೈತಲೆಯ ಕುಂಕುಮ, ಅದರಲ್ಲೂ ದ್ರವರೂಪದ ಸಿಂಧೂರ, ಲೇಸಿನಲ್ಲಿ ಇಳಿದರೆ ಹೋಗುವುದಿಲ್ಲ. ಹಣೆಯ ಚರ್ಮದ ಮೇಲೆಯೇ, ಅಂಚಿನಿಂದ ಕೆಳಗೆ ಇಡುವ ರೂಢಿ ಮಾಡಿಕೊಂಡರೆ ಲೇಸ್ ಉಳಿಯುತ್ತದೆ.

ಕೃತಕ ಎಳೆಗೆ ನಿಜವಾದ ಶತ್ರು ಅಡುಗೆಮನೆ. ಮೊಡಾಕ್ರಿಲಿಕ್ ಸುಲಭವಾಗಿ ಹೊತ್ತಿ ಉರಿಯುವ ನೂಲಲ್ಲ, ಆದರೆ ಕುಕ್ಕರಿನ ಹಬೆ, ಒಗ್ಗರಣೆಯ ಝಳ, ಓವನ್ ತೆರೆದಾಗ ಮುಖಕ್ಕೆ ರಾಚುವ ಬಿಸಿಗಾಳಿ, ಮಂಗಳಾರತಿಗೆ ಬಗ್ಗಿದಾಗಿನ ಕ್ಷಣದ ಶಾಖ, ಇಷ್ಟಕ್ಕೇ ಮುಂಭಾಗದ ಎಳೆಗಳು ಮುದುಡಿ ಜುಂಗಾಗುತ್ತವೆ. ಹಾಗಾದದ್ದನ್ನು ಕತ್ತರಿಸುವುದಲ್ಲದೆ ಬೇರೆ ದಾರಿಯಿಲ್ಲ. ಮನೆಯಲ್ಲಿ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡು ವಿಗ್ ಅನ್ನು ಹೊರಗಿನ ಹೊತ್ತಿಗೆ ಮೀಸಲಿಟ್ಟರೆ ಅದರ ಆಯುಸ್ಸು ಸಾಕಷ್ಟು ಹೆಚ್ಚುತ್ತದೆ.

ಎಂಟು ಹತ್ತು ಸಲ ಧರಿಸಿದ ಮೇಲೆ, ಬೆವರುವ ಕಾಲದಲ್ಲಿ ಇನ್ನೂ ಬೇಗ, ವಿಗ್ ತೊಳೆಯಬೇಕಾಗುತ್ತದೆ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ, ತಣ್ಣೀರಿಗೆ ಸ್ವಲ್ಪ ಶಾಂಪೂ ಬೆರೆಸಿ ಅದರಲ್ಲಿ ಅದ್ದಿ ತೆಗೆಯಬೇಕು, ಉಜ್ಜಬಾರದು, ಹಿಂಡಬಾರದು. ಟವೆಲಿನಲ್ಲಿ ಒತ್ತಿ ನೀರು ತೆಗೆದು ನೆರಳಿನಲ್ಲಿ ಒಣಗಿಸಬೇಕು. ಒದ್ದೆಯಿರುವಾಗ ಬಾಚಿದರೆ ಎಳೆ ಹಿಗ್ಗಿ ಆಕಾರ ಕೆಡುತ್ತದೆ. ಸೀಗೆಪುಡಿಯ ಕಣಗಳು ಲೇಸಿನ ಗಂಟುಗಳಲ್ಲಿ ಸಿಕ್ಕಿಕೊಳ್ಳುವುದರಿಂದಲೂ ಕೊಬ್ಬರಿ ಎಣ್ಣೆ ಧೂಳು ಹಿಡಿಯುವುದರಿಂದಲೂ ಇವೆರಡನ್ನೂ ಸ್ವಂತ ತಲೆಗೇ ಮೀಸಲಿಡಬೇಕು; ಮಾನವ ಕೂದಲಿನ ವಿಗ್‌ಗೆ ಕಂಡೀಷನರ್ ಹಚ್ಚುವಾಗಲೂ ಲೇಸಿನ ಭಾಗವನ್ನು ಬಿಟ್ಟು ಉದ್ದಕ್ಕೆ ಮಾತ್ರ ಹಚ್ಚಬೇಕು, ಇಲ್ಲದಿದ್ದರೆ ಗಂಟುಗಳು ಜಾರಿ ಕೂದಲು ಕಳಚುತ್ತದೆ. ಬೋರ್‌ವೆಲ್ಲಿನ ಗಡಸು ನೀರಿರುವ ಊರುಗಳಲ್ಲಿ ಕೊನೆಯ ಜಾಲಿಸುವಿಕೆಗಾದರೂ ಕುಡಿಯುವ ನೀರು ಬಳಸಿದರೆ ಕೂದಲು ಒರಟಾಗುವುದು ಕಡಿಮೆಯಾಗುತ್ತದೆ. ಹೆಕ್ಕತ್ತಿನ ಎಳೆಗಳು ಎಷ್ಟು ಬಾಚಿದರೂ ಬಿಡಿಸಿಕೊಳ್ಳದಂತಾದಾಗ ಆ ವಿಗ್‌ನ ಬಳಕೆ ಮುಗಿಯಿತೆಂದೇ ತಿಳಿಯಬೇಕು. ಆದರೆ ಅದನ್ನು ಒಡನೆ ಎಸೆಯದೆ, ಮುಂದೆ ಕೊಳ್ಳುವ ವಿಗ್‌ನ ಮೇಲೆ ಮಾಡಬೇಕಾದ ಕೀಳುವ, ಕತ್ತರಿಸುವ, ಲೇಸಿಗೆ ಬಣ್ಣ ಹಿಡಿಸುವ ಕೆಲಸಗಳನ್ನು ಮೊದಲು ಅದರ ಮೇಲೆಯೇ ಅಭ್ಯಾಸ ಮಾಡಿಕೊಳ್ಳಬಹುದು.